ಫೋಲ್ಸಮ್‌ನಲ್ಲಿ ಒಂದು ಬಿಲ್, ಪಕ್ಕದ ಗುಡ್ಡದ ಮೇಲೆ ಡಬಲ್ ಬಿಲ್: ಕರೆಂಟ್ ಕಂಪನಿ ಊರಿನದ್ದಾದ್ರೆ ಏನು ಬದಲಾಗತ್ತೆ?

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ಹತ್ತಿರ ಫೋಲ್ಸಮ್ ಅಂತ ಊರಿದೆ, ಇಂಟೆಲ್ ಕ್ಯಾಂಪಸ್ ಇರೋದ್ರಿಂದ ನಮ್ಮ ಕಡೆಯ ಜನಕ್ಕೂ ಪರಿಚಯದ ಊರು. ಅದನ್ನ ದಾಟಿ ಪೂರ್ವಕ್ಕೆ ಹೋದ್ರೆ ಎಲ್ ಡೊರಾಡೊ ಹಿಲ್ಸ್ ಶುರು, ಕೌಂಟಿ ಬೇರೆ ಆಗತ್ತೆ ಅಷ್ಟೇ, ಮನೆಗಳು ಅದೇ ಥರ, ಬಿಸಿಲು ಅದೇ, ಬೇಸಿಗೇಲಿ ಎಸಿ ಓಡೋದೂ ಅದೇ. ಆದ್ರೆ ಫೋಲ್ಸಮ್‌ಗೆ ಕರೆಂಟ್ ಕೊಡೋದು ಸ್ಮಡ್, ಅಂದ್ರೆ ಸ್ಯಾಕ್ರಮೆಂಟೋ ಜನರೇ ವೋಟ್ ಹಾಕಿ ಆರಿಸೋ ಬೋರ್ಡ್ ನಡೆಸೋ ಸಂಸ್ಥೆ, ಗುಡ್ಡದ ಆ ಕಡೆಗೆ ಕೊಡೋದು ಪಿಜಿ ಅಂಡ್ ಇ, ಅಂದ್ರೆ ಶೇರ್ ಮಾರ್ಕೆಟ್‌ನಲ್ಲಿರೋ ಖಾಸಗಿ ಕಂಪನಿ. ಇತ್ತೀಚಿನ ವರ್ಷಗಳ ರೇಟ್ ತಗೊಂಡ್ರೆ ಸ್ಮಡ್‌ನಲ್ಲಿ ಮನೆ ಬಳಕೆಯ ಯೂನಿಟ್‌ಗೆ ಸರಾಸರಿ 20 ಸೆಂಟ್ ಒಳಗೆ ಬರತ್ತೆ, ಪಿಜಿ ಅಂಡ್ ಇ ಕಡೆ 40 ಸೆಂಟ್ ಆಸುಪಾಸು. ತಿಂಗಳಿಗೆ 500 ಯೂನಿಟ್ ಸುಡೋ ಮನೆಗೆ ಒಂದು ಕಡೆ ನೂರು ಡಾಲರ್ ಒಳಗೆ, ಇನ್ನೊಂದು ಕಡೆ ಇನ್ನೂರು.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲೂ ಇದೇ ಕತೆ. ಸಾಂಟಾ ಕ್ಲಾರಾ ಊರಿಗೆ ತನ್ನದೇ ಸಿಲಿಕಾನ್ ವ್ಯಾಲಿ ಪವರ್ ಇದೆ, 1896ರಲ್ಲಿ ಬೀದಿ ದೀಪ ಹಚ್ಚೋಕೆ ಅಂತ ಶುರುವಾಗಿದ್ದು, ಅಲ್ಲಿ ಯೂನಿಟ್‌ಗೆ ಹದಿನೇಳು ಹದಿನೆಂಟು ಸೆಂಟ್. ಪಕ್ಕದ ಸನಿವೇಲ್‌, ಸ್ಯಾನ್ ಹೊಸೆ ಎಲ್ಲ ಪಿಜಿ ಅಂಡ್ ಇ ತಂತಿ ಮೇಲೆ. ಬಾಡಿಗೆ ಮನೆ ಹುಡುಕೋವಾಗ "ಸಾಂಟಾ ಕ್ಲಾರಾದಲ್ಲಿ ಸಿಕ್ಕಿದ್ರೆ ಬಿಡಬೇಡಿ, ಕರೆಂಟ್ ಬಿಲ್ ಉಳಿಯತ್ತೆ" ಅಂತ ಒಬ್ಬರಿಗೊಬ್ಬರು ಹೇಳ್ಕೊಳ್ಳೋದು ಇದಕ್ಕೇ. ಈ ವ್ಯತ್ಯಾಸ ನೋಡಿದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಉತ್ತರ ಒಂದೇ, ಖಾಸಗಿಯವರು ಲಾಭ ಹೊಡೀತಾರೆ, ಊರಿನವರು ಹೊಡೆಯಲ್ಲ ಅಂತ. ಈ ಉತ್ತರ ಸುಳ್ಳಲ್ಲ ಆದ್ರೆ ಪೂರ್ತಿ ನಿಜಾನೂ ಅಲ್ಲ, ಎಷ್ಟು ಪಾಲು ನಿಜ ಅನ್ನೋದನ್ನ ಬಿಡಿಸಿ ನೋಡದೆ "ನಮ್ಮೂರೂ ಕಂಪನಿ ಕೊಂಡ್ಕೊಳ್ಳಲಿ" ಅಂದ್ರೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗತ್ತೆ.

ಊರಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. ಇಲ್ಲಿ "ಊರಿನ ಕಂಪನಿ" ಅಂದ್ರೆ ಬೆಸ್ಕಾಂ ಥರ ಅಲ್ಲ. ಬೆಸ್ಕಾಂ, ಹೆಸ್ಕಾಂ ಎಲ್ಲ ರಾಜ್ಯ ಸರ್ಕಾರದ ಕಂಪನಿಗಳು, ರೇಟ್ ನಿಗದಿ ಮಾಡೋದು ಕೆಇಆರ್‌ಸಿ, ಸಬ್ಸಿಡಿ ಬರೋದು ವಿಧಾನಸೌಧದಿಂದ. ನಾನು ಹೇಳ್ತಿರೋದು ನಗರಪಾಲಿಕೆಯೇ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಇಟ್ಕೊಂಡು ರೇಟನ್ನೂ ತಾನೇ ತೀರ್ಮಾನ ಮಾಡೋ ವ್ಯವಸ್ಥೆ, ಭಾರತದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಅಂದ್ರೆ ಮುಂಬೈನ ಬೆಸ್ಟ್, ಕೇರಳದ ತ್ರಿಶೂರ್ ಕಾರ್ಪೊರೇಷನ್. ಅಮೆರಿಕದಲ್ಲಿ ಇಂಥವು ಹತ್ತಿರ ಹತ್ತಿರ ಎರಡು ಸಾವಿರ ಇವೆ, ಹೆಚ್ಚಿನವು ಸಣ್ಣ ಸಣ್ಣ ಊರಿನವು. ಖಾಸಗಿ ಕಂಪನಿಗಳು ಇನ್ನೂರರೊಳಗೇ ಇವೆ, ಆದ್ರೆ 2017ರ ಸರ್ಕಾರಿ ಲೆಕ್ಕದಲ್ಲಿ ದೇಶದ 72% ಗ್ರಾಹಕರು ಅವುಗಳ ಕೈಲೇ ಇದ್ರು.

ಮೊದಲು ದುಡ್ಡಿನ ಲೆಕ್ಕ ನೋಡೋಣ, ಯಾಕಂದ್ರೆ ಲಾಭ ಎಲ್ಲಿ ಹುಟ್ಟತ್ತೆ ಅನ್ನೋದರ ಬಗ್ಗೆ ಜನರಿಗೆ ತಪ್ಪು ಕಲ್ಪನೆ ಜಾಸ್ತಿ. ಪಿಜಿ ಅಂಡ್ ಇ ನಿಮಗೆ ಮಾರೋ ಯೂನಿಟ್ ಮೇಲೆ ಲಾಭ ಮಾಡಲ್ಲ, ಹೊರಗಿಂದ ಕೊಂಡ ಕರೆಂಟಿನ ಖರ್ಚು ಹಾಗ್ಹಾಗೇ ಬಿಲ್‌ಗೆ ಬರತ್ತೆ. ಲಾಭ ಬರೋದು ಹೂಡಿದ ಬಂಡವಾಳದ ಮೇಲೆ, ಅಂದ್ರೆ ಕಂಬ, ಸಬ್‌ಸ್ಟೇಷನ್, ಭೂಗತ ಕೇಬಲ್ ಇವುಗಳ ಮೇಲೆ. ರೇಟ್ ನಿಗದಿ ಮಾಡೋ ರಾಜ್ಯದ ಆಯೋಗ ಆ ಬಂಡವಾಳದಲ್ಲಿ ಶೇರುದಾರರ ಪಾಲಿಗೆ ವರ್ಷಕ್ಕೆ 10% ಆಸುಪಾಸು ರಿಟರ್ನ್ ಒಪ್ಪಿದೆ. ಒರಟು ಲೆಕ್ಕ ಹಾಕಿ: ನೂರು ಡಾಲರಿನ ಕಂಬದಲ್ಲಿ ಅರ್ಧ ಶೇರು ಬಂಡವಾಳ, ಅರ್ಧ ಸಾಲ. ಶೇರಿಗೆ ಐದು ಡಾಲರ್ ಚಿಲ್ಲರೆ, ಆ ಲಾಭದ ಮೇಲೆ ಕಟ್ಟೋ ಆದಾಯ ತೆರಿಗೆ ಎರಡು ಡಾಲರ್ ಹತ್ತಿರ, ಸಾಲಕ್ಕೆ ಬಡ್ಡಿ ಎರಡು ಡಾಲರ್ ಮೇಲೆ, ಎಲ್ಲ ಸೇರಿ ವರ್ಷಕ್ಕೆ ಒಂಬತ್ತು ಡಾಲರ್ ಗ್ರಾಹಕನಿಂದಲೇ ಬರಬೇಕು, ಕಂಬದ ಅಸಲು ಬೇರೆ. ಅದೇ ಕಂಬವನ್ನ ಊರು ನೆಟ್ರೆ ಪೂರ್ತಿ ಸಾಲದಲ್ಲೇ ನೆಡಬಹುದು, ಆ ಬಾಂಡ್‌ಗಳ ಬಡ್ಡಿಗೆ ಫೆಡರಲ್ ತೆರಿಗೆ ಇಲ್ಲದ್ದರಿಂದ ಕಮ್ಮಿ ಬಡ್ಡಿಗೆ ಸಿಗತ್ತೆ, ಸುಮಾರು ನಾಲ್ಕು ಡಾಲರಲ್ಲಿ ಮುಗೀತು. ಅದೇ ಕಂಬ, ಅದೇ ತಂತಿ, ಹಾಕಿದ ದುಡ್ಡಿನ ಬೆಲೆ ಮಾತ್ರ ಡಬಲ್. ಕರೆಂಟ್ ವ್ಯವಸ್ಥೆ ಅಂದ್ರೇನೇ ನಲವತ್ತು ಐವತ್ತು ವರ್ಷ ಬಾಳೋ ಸಾಮಾನು ಆಗಿರೋದ್ರಿಂದ ಈ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಕೂಡ್ತಾ ಹೋಗತ್ತೆ.

ಇದರ ಜೊತೆ ಇನ್ನೊಂದು ಸಮಸ್ಯೆ ಇದೆ, ಇದು ನನಗೆ ಲಾಭಕ್ಕಿಂತ ದೊಡ್ಡದು ಅನ್ಸತ್ತೆ. ಬಂಡವಾಳ ಹೂಡಿದಷ್ಟೂ ಲಾಭ ಅಂದ್ಮೇಲೆ ದುಬಾರಿ ದಾರಿಯೇ ಕಂಪನಿಗೆ ಇಷ್ಟ ಆಗತ್ತೆ. 2021ರಲ್ಲಿ ಪಿಜಿ ಅಂಡ್ ಇ ಹತ್ತು ಸಾವಿರ ಮೈಲಿ ತಂತಿಯನ್ನ ನೆಲದೊಳಗೆ ಹಾಕ್ತೀವಿ ಅಂತ ಘೋಷಿಸ್ತು, ಮೈಲಿಗೆ ಮೂರು ಮಿಲಿಯನ್ ಡಾಲರ್ ಹತ್ತಿರ ಬೀಳೋ ಕೆಲಸ. ದಕ್ಷಿಣದ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಅನ್ನೋ ಇನ್ನೊಂದು ಖಾಸಗಿ ಕಂಪನಿ ಹೆಚ್ಚಾಗಿ ಇನ್ಸುಲೇಷನ್ ಹೊದಿಸಿದ ತಂತಿ ಹಾಕ್ತು, ಅದು ಇದರ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಖರ್ಚು. ನೆಲದೊಳಗಿನ ಕೇಬಲ್ ಹೆಚ್ಚು ಸುರಕ್ಷಿತ ಅನ್ನೋದು ನಿಜ, ಕೆಲವು ಕಡೆ ಅದೇ ಬೇಕು, ಆದ್ರೆ ಎಷ್ಟು ಬೇಕು ಅಂತ ತೀರ್ಮಾನ ಮಾಡೋನಿಗೇ ಹೆಚ್ಚು ಖರ್ಚಾದ್ರೆ ಹೆಚ್ಚು ಲಾಭ ಇದ್ದಾಗ ಆ ತೀರ್ಮಾನವನ್ನ ಕಣ್ಣುಮುಚ್ಚಿ ನಂಬೋಕೆ ಆಗಲ್ಲ. ರಾಜ್ಯ ಸರ್ಕಾರವೇ ಇದನ್ನ ಒಪ್ಪಿದೆ ಅನ್ನಬಹುದು, 2025ರ ಎಸ್‌ಬಿ 254 ಕಾನೂನಲ್ಲಿ ಮೂರು ದೊಡ್ಡ ಖಾಸಗಿ ಕಂಪನಿಗಳು ಕಾಡ್ಗಿಚ್ಚು ತಡೆಗೆ ಹಾಕೋ ಬಂಡವಾಳದಲ್ಲಿ ಆರು ಬಿಲಿಯನ್ ಡಾಲರಿಗೆ ಶೇರು ರಿಟರ್ನ್ ಇಲ್ಲ ಅಂತ ಬರೆದಿದ್ದಾರೆ. 2019ರಲ್ಲೂ ಐದು ಬಿಲಿಯನ್‌ಗೆ ಹೀಗೇ ಮಾಡಿದ್ರು.

ಇಲ್ಲಿವರೆಗೆ ಓದಿದ್ರೆ ಊರಿನ ಕಂಪನಿಯೇ ಗೆದ್ದ ಹಾಗೆ. ಈಗ ಭೂಗೋಳ ತಗೊಳ್ಳಿ. ಪಿಜಿ ಅಂಡ್ ಇ ವ್ಯಾಪ್ತಿ ಎಪ್ಪತ್ತು ಸಾವಿರ ಚದರ ಮೈಲಿ, ಹೆಚ್ಚು ಕಮ್ಮಿ ನಮ್ಮ ಇಡೀ ಕರ್ನಾಟಕದಷ್ಟು, ಒಂದೂವರೆ ಕೋಟಿಗಿಂತ ಹೆಚ್ಚು ಜನ, ಅದರಲ್ಲಿ ಸಿಯೆರಾ ಬೆಟ್ಟಗಳ ಒಣಗಿದ ಪೈನ್ ಕಾಡಿನ ಮಧ್ಯೆ ಹತ್ತು ಮನೆಗೋಸ್ಕರ ಎಳೆದ ತಂತಿಗಳು ಎಷ್ಟೋ. ಸ್ಮಡ್ ವ್ಯಾಪ್ತಿ ಒಂಬೈನೂರು ಚದರ ಮೈಲಿ, ಬೆಂಗಳೂರು ನಗರ ಜಿಲ್ಲೆಗಿಂತ ಚೂರು ಜಾಸ್ತಿ, ಬಹುಪಾಲು ಸಪಾಟು ಕಣಿವೆ. ಸಾಂಟಾ ಕ್ಲಾರಾ ಇಪ್ಪತ್ತು ಚದರ ಮೈಲಿನೂ ಇಲ್ಲ, ಕಾಡೇ ಇಲ್ಲ. 2018ರ ನವೆಂಬರ್ 8ಕ್ಕೆ ಪ್ಯಾರಡೈಸ್ ಊರು ಸುಟ್ಟು 85 ಜನ ಸತ್ತ ಬೆಂಕಿ ಹತ್ತಿದ್ದು ಪಿಜಿ ಅಂಡ್ ಇಯ ಸುಮಾರು ನೂರು ವರ್ಷ ಹಳೆಯ ಟ್ರಾನ್ಸ್‌ಮಿಷನ್ ಲೈನಲ್ಲಿ ಒಂದು ಕೊಕ್ಕೆ ಸವೆದು ತುಂಡಾಗಿ. ಕಂಪನಿ 2019ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕ್ತು, 2020ರಲ್ಲಿ 84 ಸಾವಿನ ಅಪರಾಧವನ್ನ ಕೋರ್ಟಲ್ಲಿ ಒಪ್ಕೊಂಡ್ತು. ನೂರು ವರ್ಷದ ಕೊಕ್ಕೆಯನ್ನ ನೋಡದೆ ಬಿಟ್ಟಿದ್ದು ಕ್ಷಮಿಸೋ ತಪ್ಪಲ್ಲ, ಅದು ಖಾಸಗಿ ಆಡಳಿತದ ತಪ್ಪೇ. ಆದ್ರೆ ಆ ಬೆಟ್ಟದ ಲೈನ್‌ಗಳನ್ನ ಈಗ ಸರಿಯಾಗಿ ನೋಡ್ಕೊಳ್ಳೋ ಖರ್ಚು, ಮರ ಕಡಿಯೋದು, ತಂತಿ ಬದಲಾಯಿಸೋದು, ವಿಮೆ, ಇದನ್ನ ಯಾರು ನಡೆಸಿದ್ರೂ ಯಾರೋ ಕೊಡಲೇಬೇಕು. ಇವತ್ತು ಸನಿವೇಲ್ ಅಪಾರ್ಟ್‌ಮೆಂಟಿನವನ ಬಿಲ್‌ನಲ್ಲಿ ಅದರ ಪಾಲಿದೆ, ಸಾಂಟಾ ಕ್ಲಾರಾದವನ ಬಿಲ್‌ನಲ್ಲಿ ಇಲ್ಲ.

ಇದಕ್ಕೆ ಚೆನ್ನಾಗಿರೋ ಪುರಾವೆ ಒಂದಿದೆ, ಯಾಕೋ ಚರ್ಚೆಯಲ್ಲಿ ಯಾರೂ ಅದನ್ನ ಎತ್ತಲ್ಲ. 2002ರ ಒಂದು ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದ ಊರುಗಳು ಸೇರಿ ಕರೆಂಟನ್ನ ತಾವೇ ಸಗಟಲ್ಲಿ ಕೊಂಡು ಜನರಿಗೆ ಮಾರಬಹುದು, ತಂತಿ ಮಾತ್ರ ಹಳೇ ಕಂಪನಿದೇ. ಸನಿವೇಲ್, ಕುಪರ್ಟಿನೊ ಕಡೆ ಸಿಲಿಕಾನ್ ವ್ಯಾಲಿ ಕ್ಲೀನ್ ಎನರ್ಜಿ, ಸ್ಯಾನ್ ಹೊಸೆಯಲ್ಲಿ ಅದರದ್ದೇ ಬೇರೆ ಸಂಸ್ಥೆ. ಇವು ಊರಿನವೇ, ಲಾಭಕ್ಕೆ ನಿಂತವಲ್ಲ, ಆದ್ರೂ ಅಲ್ಲಿನ ಬಿಲ್ ಪಿಜಿ ಅಂಡ್ ಇ ಬಿಲ್‌ಗಿಂತ ಕೆಲವೇ ಪರ್ಸೆಂಟ್ ಕಮ್ಮಿ ಅಷ್ಟೇ. ಅಂದ್ರೆ ಕರೆಂಟ್ ಕೊಳ್ಳೋ ಕೆಲಸ ಊರು ಮಾಡಿದ್ರೆ ಉಳಿಯೋದು ಚಿಲ್ಲರೆ, ಸಾಂಟಾ ಕ್ಲಾರಾಗೂ ಸನಿವೇಲ್‌ಗೂ ಇರೋ ಡಬಲ್ ವ್ಯತ್ಯಾಸ ಕೂತಿರೋದು ಬಹುತೇಕ ತಂತಿ ಕಡೆ, ಬಿಲ್‌ನಲ್ಲಿ ಡೆಲಿವರಿ ಅಂತ ಬರೋ ಸಾಲಲ್ಲಿ. ಆ ಸಾಲಲ್ಲಿ ಶೇರುದಾರರ ಲಾಭಾನೂ ಇದೆ, ಬೆಟ್ಟದ ಕಾಡೂ ಇದೆ, ರಾಜ್ಯದ ಬಡವರ ರಿಯಾಯಿತಿ, ಸೋಲಾರ್ ಹಾಕಿಸಿಕೊಂಡ ಮನೆಗಳು ತಂತಿ ಖರ್ಚಿಗೆ ಕೊಡದೆ ಉಳಿದ ಪಾಲು ಎಲ್ಲಾನೂ ಇದೆ.

ಸಾಂಟಾ ಕ್ಲಾರಾಗೆ ಇನ್ನೊಂದು ಅದೃಷ್ಟ ಇದೆ, ಡೇಟಾ ಸೆಂಟರ್. ಆ ಪುಟ್ಟ ಊರಲ್ಲಿ ಮಾರೋ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಡೇಟಾ ಸೆಂಟರ್‌ಗಳಿಗೇ ಹೋಗತ್ತೆ, ಹಗಲು ರಾತ್ರಿ ಒಂದೇ ಸಮ ಎಳೆಯೋ ಗಿರಾಕಿ, ಎರಡು ಮೂರು ಮೈಲಿ ತಂತಿಯಲ್ಲಿ ಸಾವಿರಾರು ಮನೆಗಳಷ್ಟು ಬಿಲ್. ಕಂಬದ ಖರ್ಚೆಲ್ಲ ಅವರ ಯೂನಿಟ್‌ಗಳ ಮೇಲೆ ಹಂಚಿ ಹೋಗೋದ್ರಿಂದ ಮನೆಯವರಿಗೆ ಹಗುರ. ನಮಗೆ ಈ ಲೆಕ್ಕ ಹೊಸದಲ್ಲ, ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತಯಾರಾಗಿದ್ದು ಮೈಸೂರು ಅರಮನೆಗೂ ಅಲ್ಲ, ಬೆಂಗಳೂರಿಗೂ ಅಲ್ಲ, ಕೆಜಿಎಫ್ ಚಿನ್ನದ ಗಣಿಗೆ, ಆ ಒಂದು ದೊಡ್ಡ ಗಿರಾಕಿ ಇದ್ದದ್ದಕ್ಕೇ ಅಷ್ಟು ದೂರದ ಲೈನ್ ಎಳೆಯೋಕೆ ಧೈರ್ಯ ಬಂತು, ಬೆಂಗಳೂರಿನ ಬೀದಿ ದೀಪ 1905ರಲ್ಲಿ ಅದರ ಬೆನ್ನಿಗೆ ಬಂತು. ಆದ್ರೆ ದೊಡ್ಡ ಗಿರಾಕಿ ಮೇಲೆ ನಿಂತ ಊರಿಗೆ ಅಪಾಯಾನೂ ಇದೆ. ಸಾಂಟಾ ಕ್ಲಾರಾ ಈಗ ಲೈನ್, ಸಬ್‌ಸ್ಟೇಷನ್ ಹೆಚ್ಚಿಸೋಕೆ ನೂರಾರು ಮಿಲಿಯನ್ ಡಾಲರ್ ಹಾಕ್ತಿದೆ, ಕಟ್ಟಿ ಮುಗಿದ ಡೇಟಾ ಸೆಂಟರ್‌ಗಳೇ ಕರೆಂಟ್‌ಗೆ ಕಾಯ್ತಾ ಖಾಲಿ ನಿಂತಿದ್ದಾವೆ, ಈ ಕೆಲಸ ಮುಗಿಯೋ ಹೊತ್ತಿಗೆ ಎಐ ಭರಾಟೆ ತಗ್ಗಿದ್ರೆ ಸಾಲದ ಕಂತು ಮನೆಗಳ ಮೇಲೆ ಬರತ್ತೆ. ಈಗಾಗಲೇ ಕೆಲವು ವರ್ಷದಿಂದ ಅಲ್ಲೂ ರೇಟ್ ಏರ್ತಾನೇ ಇದೆ.

ಹಾಗಾಗಿ ಊರಿನ ಕಂಪನಿ ಎಷ್ಟು ಅಗ್ಗ ಅಂತ ಅಳೆಯೋಕೆ ಸಾಂಟಾ ಕ್ಲಾರಾ ಸರಿಯಾದ ಅಳತೆ ಅಲ್ಲ, ಸ್ಮಡ್ ಸರಿ. ಹದಿನೈದು ಲಕ್ಷ ಜನ, ಸಾಮಾನ್ಯ ಮನೆ ಅಂಗಡಿಗಳೇ ಹೆಚ್ಚು, ಬೇಸಿಗೇಲಿ ಬೆಂಕಿಯಂಥ ಸೆಕೆ, ಆದ್ರೂ ಅರ್ಧ ರೇಟ್. ಅಮೆರಿಕನ್ ನದಿಯ ಮೇಲ್ಭಾಗದಲ್ಲಿ ದಶಕಗಳ ಹಿಂದೆ ಕಟ್ಟಿದ ಜಲವಿದ್ಯುತ್ ಈಗ ಅಗ್ಗವಾಗಿ ಸಿಗ್ತಿದೆ. ಅವರೂ ಎಡವಿಲ್ಲ ಅಂತಲ್ಲ, ರ್‍ಯಾಂಚೊ ಸೆಕೊ ಅಣು ಸ್ಥಾವರ ಪದೇ ಪದೇ ಕೆಟ್ಟು ನಿಂತು ಎಂಬತ್ತರ ದಶಕದಲ್ಲಿ ರೇಟ್ ಜಿಗಿದಿತ್ತು. ಆಮೇಲೆ ಏನಾಯ್ತು ಅನ್ನೋದು ಮುಖ್ಯ: 1989ರಲ್ಲಿ ಜನ ವೋಟ್ ಹಾಕಿ ಅದನ್ನ ಮುಚ್ಚಿಸಿದ್ರು. ಖಾಸಗಿ ಕಂಪನಿಯ ಸ್ಥಾವರವನ್ನ ಗ್ರಾಹಕರು ಹೀಗೆ ನೇರವಾಗಿ ವೋಟಿಗೆ ಹಾಕಿ ಮುಚ್ಚಿಸೋ ದಾರಿ ಇಲ್ಲ.

ಇನ್ನು ಕರೆಂಟ್ ಹೋಗೋ ವಿಷಯ. ಅಮೆರಿಕದಲ್ಲಿ ಒಬ್ಬ ಗ್ರಾಹಕನಿಗೆ ವರ್ಷಕ್ಕೆ ಸರಾಸರಿ ಎಷ್ಟು ಹೊತ್ತು ಕರೆಂಟ್ ಇರಲ್ಲ ಅಂತ ಕಂಪನಿಗಳು ಸರ್ಕಾರಕ್ಕೆ ಲೆಕ್ಕ ಕೊಡ್ತವೆ. 2020ರಲ್ಲಿ ಅದು ಎಂಟು ಗಂಟೆ ದಾಟಿತ್ತು, ಆದ್ರೆ ಚಂಡಮಾರುತ, ಬಿರುಗಾಳಿ, ಬೆಂಕಿ ಥರದ ದೊಡ್ಡ ಘಟನೆ ತೆಗೆದ್ರೆ ಎರಡು ಗಂಟೆ ಅಷ್ಟೇ. ಯಾವ ಕಂಪನಿಯಾದ್ರೂ "ನಮ್ಮಲ್ಲಿ ಕರೆಂಟ್ ಎಷ್ಟು ಕಮ್ಮಿ ಹೋಗತ್ತೆ ನೋಡಿ" ಅಂತ ಅಂಕಿ ತೋರಿಸಿದಾಗ ಎರಡರಲ್ಲಿ ಯಾವುದು ಅಂತ ಮೊದಲು ಕೇಳಿ. ದೊಡ್ಡ ಘಟನೆ ತೆಗೆದ ಲೆಕ್ಕದಲ್ಲಿ ಊರಿನ ಕಂಪನಿಗಳು ಸಾಮಾನ್ಯವಾಗಿ ಚೆನ್ನಾಗೇ ಇವೆ, ಕಾರಣ ಸರಳ, ವ್ಯಾಪ್ತಿ ಚಿಕ್ಕದು, ಲೈನ್ ಉದ್ದ ಕಮ್ಮಿ, ಲೈನ್‌ಮ್ಯಾನ್ ಅದೇ ಊರಲ್ಲಿರ್ತಾನೆ, ಟ್ರಕ್ ಹದಿನೈದು ನಿಮಿಷದಲ್ಲಿ ಬಂದು ನಿಲ್ಲತ್ತೆ. 2019ರ ಅಕ್ಟೋಬರಲ್ಲಿ ಗಾಳಿ ಜೋರಿದೆ, ಬೆಂಕಿ ಹತ್ತಬಹುದು ಅಂತ ಪಿಜಿ ಅಂಡ್ ಇ ತಾನಾಗೇ ಏಳು ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗೆ ಕರೆಂಟ್ ಕಟ್ ಮಾಡ್ತು, ಆಕ್ಸಿಜನ್ ಮಷಿನ್ ಮೇಲಿದ್ದ ವಯಸ್ಸಾದೋರು ಬ್ಯಾಟರಿ ಹುಡುಕ್ಕೊಂಡು ಅಲೆಯೋ ಹಾಗಾಯ್ತು. ಸ್ಯಾಕ್ರಮೆಂಟೋ ಕಣಿವೆಯಲ್ಲಿ ಸ್ಮಡ್ ದೀಪ ಉರೀತಾ ಇತ್ತು.

ಆದ್ರೆ ಚಿಕ್ಕದಾಗಿರೋದೇ ಮುಳುವಾಗೋದೂ ಉಂಟು. ಪಾಲೊ ಆಲ್ಟೊ 1900ರಿಂದ ತನ್ನದೇ ಕರೆಂಟ್ ನಡೆಸೋ ಊರು, 2010ರ ಫೆಬ್ರವರಿಯಲ್ಲಿ ಒಂದು ಸಣ್ಣ ವಿಮಾನ ಮಂಜಿನಲ್ಲಿ ಹೈಟೆನ್ಷನ್ ಲೈನ್‌ಗೆ ಬಡಿದು ಮೂವರು ಸತ್ರು, ಆ ಊರಿಗೆ ಬರೋ ಲೈನ್‌ಗಳೆಲ್ಲ ಅದೇ ಒಂದು ದಾರಿಯಲ್ಲಿ ಬರ್ತಿದ್ದದ್ದಕ್ಕೆ ಇಡೀ ಊರು ದಿನದ ಬಹುಭಾಗ ಕತ್ತಲು, ಸುತ್ತಲಿನ ಊರುಗಳಲ್ಲಿ ಕರೆಂಟ್ ಇತ್ತು. ಟೆಕ್ಸಾಸ್‌ನ ಆಸ್ಟಿನ್ ಎನರ್ಜಿನೂ ನಗರದ್ದೇ, 2023ರ ಫೆಬ್ರವರಿಯ ಹಿಮಗಟ್ಟಿದ ಮಳೆಗೆ ಮರದ ಕೊಂಬೆಗಳು ತಂತಿ ಮೇಲೆ ಬಿದ್ದು ಕೆಲವರಿಗೆ ಒಂದು ವಾರಕ್ಕೂ ಹೆಚ್ಚು ಕರೆಂಟಿಲ್ಲ, ಮರ ಕಡಿಯೋ ಕೆಲಸ ಹಿಂದೆ ಬಿದ್ದಿದ್ದು ಎಲ್ಲರಿಗೂ ಗೊತ್ತಾಯ್ತು. ನಗರ ಸಭೆ ತಿಂಗಳೊಳಗೆ ಸಿಟಿ ಮ್ಯಾನೇಜರನ್ನ ಕೆಲಸದಿಂದ ತೆಗೀತು. ಸ್ಮಡ್‌ಗೂ 2023ರ ಜನವರಿ ಬಿರುಗಾಳಿಯಲ್ಲಿ ಲಕ್ಷಗಟ್ಟಲೆ ಮನೆಗೆ ಕರೆಂಟ್ ಹೋಗಿತ್ತು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಕತೆ ಇನ್ನೂ ಬೇಜಾರು, 1998ರಲ್ಲಿ ಸರ್ಕಾರಿ ಪ್ರಾಧಿಕಾರ ಖಾಸಗಿ ಕಂಪನಿಯ ತಂತಿ ತಗೊಂಡಾಗ ಅದರ ಜೊತೆ ಎಂದೂ ಸರಿಯಾಗಿ ನಡೆಯದ ಶೋರ್‌ಹ್ಯಾಮ್ ಅಣು ಸ್ಥಾವರದ ಸಾಲಾನೂ ತಲೆ ಮೇಲೆ ಹೊತ್ಕೊಂಡ್ತು, ಮೊದಲು ಇಳಿದ ರೇಟ್ ಆಮೇಲೆ ಮತ್ತೆ ಏರ್ತು, 2012ರ ಸ್ಯಾಂಡಿ ಚಂಡಮಾರುತಕ್ಕೆ ತಯಾರೂ ಇರಲಿಲ್ಲ. ಬೋರ್ಡ್ ಮೇಲೆ ಸಾರ್ವಜನಿಕ ಅಂತ ಬರೆದ ಮಾತ್ರಕ್ಕೆ ಕಂಬ ಗಟ್ಟಿ ಆಗಲ್ಲ, ಮರ ಕಡಿಯೋಕೆ ಮೀಸಲಿಟ್ಟ ದುಡ್ಡು ಪ್ರತಿ ವರ್ಷ ಖರ್ಚಾಗ್ತಿದ್ಯಾ ಅಂತ ನೋಡೋರು ಇರಬೇಕು.

ಒಳ್ಳೇ ಉದಾಹರಣೆಯೂ ಇದೆ. ಫ್ಲಾರಿಡಾದ ವಿಂಟರ್ ಪಾರ್ಕ್ ಅನ್ನೋ ಚಿಕ್ಕ ಊರಲ್ಲಿ ಮೇಲಿಂದ ಮೇಲೆ ಕರೆಂಟ್ ಹೋಗ್ತಿತ್ತು, ಜನ ರೋಸಿ ಹೋಗಿ 2003ರಲ್ಲಿ ವೋಟ್ ಹಾಕಿದ್ರು, 2005ರಲ್ಲಿ ಊರು ಖಾಸಗಿ ಕಂಪನಿಯಿಂದ ತಂತಿ ಕೊಂಡ್ತು, ಬರೋ ಆದಾಯದಲ್ಲಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ತಂತಿಯನ್ನ ನೆಲದೊಳಗೆ ಹಾಕ್ತಾ ಬಂದ್ರು. ಅವರು ಕೊಂಡಿದ್ದು ಅಗ್ಗದ ರೇಟ್‌ಗೋಸ್ಕರ ಅಲ್ಲ, ಕರೆಂಟ್ ಹೋಗಬಾರದು ಅಂತ, ಏನು ಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದಕ್ಕೆ ಅದು ಸಿಕ್ತು.

ಆದ್ರೆ ವಿಂಟರ್ ಪಾರ್ಕ್ ಥರ ಮುಗಿದ ಕತೆಗಳು ಕಮ್ಮಿ, ಯಾಕಂದ್ರೆ ಕೊಳ್ಳೋದೇ ಮಹಾ ಯುದ್ಧ. ಸ್ಯಾಕ್ರಮೆಂಟೋ ಜನ ಸ್ಮಡ್ ಬೇಕು ಅಂತ ವೋಟ್ ಹಾಕಿದ್ದು 1923ರಲ್ಲಿ, ಕೋರ್ಟು ಕಚೇರಿ ಎಲ್ಲ ಮುಗಿದು ಮೊದಲ ಕರೆಂಟ್ ಕೊಟ್ಟಿದ್ದು 1946ರ ಡಿಸೆಂಬರ್ 31ಕ್ಕೆ. ಕೊಲೊರಾಡೊದ ಬೌಲ್ಡರ್ ಹತ್ತು ವರ್ಷ ಎಕ್ಸೆಲ್ ಕಂಪನಿ ಜೊತೆ ಬಡಿದಾಡಿ, ಇಪ್ಪತ್ತು ಮಿಲಿಯನ್ ಡಾಲರಿಗೂ ಹೆಚ್ಚು ಖರ್ಚು ಮಾಡಿ, 2020ರಲ್ಲಿ ಒಂದು ಕಂಬಾನೂ ಸಿಗದೆ ರಾಜಿ ಆಯ್ತು. ಮೇನ್ ರಾಜ್ಯದಲ್ಲಿ ಎರಡು ಖಾಸಗಿ ಕಂಪನಿಗಳನ್ನೂ ಜನರೇ ಕೊಳ್ಳೋ ಪ್ರಸ್ತಾಪ 2023ರ ನವೆಂಬರಲ್ಲಿ ಸುಮಾರು ಎಪ್ಪತ್ತಕ್ಕೆ ಮೂವತ್ತರಂತೆ ಬಿದ್ದೋಯ್ತು. ಅದರಲ್ಲಿ ಒಂದು ಕಂಪನಿಯ ಮಾಲೀಕರು ಯಾರು ಗೊತ್ತಾ, ಕೆನಡಾದ ಕ್ಯಾಲ್ಗರಿ ನಗರಪಾಲಿಕೆಯ ಸಂಸ್ಥೆ! ಒಂದೂರಿನ ಸಾರ್ವಜನಿಕ ಸಂಸ್ಥೆ ಇನ್ನೊಂದೂರಿಗೆ ಖಾಸಗಿ ಕಂಪನಿ. ಮೇನ್ ಜನಕ್ಕೆ ಅದು ಸಾರ್ವಜನಿಕ ಆಗಲ್ಲ, ಯಾಕಂದ್ರೆ ಅವರಿಗೆ ಅಲ್ಲಿ ವೋಟ್ ಇಲ್ಲ. ಕ್ಯಾಲಿಫೋರ್ನಿಯಾದಲ್ಲೇ 2010ರಲ್ಲಿ ಊರುಗಳು ಹೊಸದಾಗಿ ಕರೆಂಟ್ ವ್ಯವಹಾರಕ್ಕೆ ಇಳಿಯೋ ಮುಂಚೆ ಮೂರನೇ ಎರಡು ಭಾಗ ವೋಟ್ ಬೇಕು ಅನ್ನೋ ಪ್ರಸ್ತಾಪಕ್ಕೆ ಪಿಜಿ ಅಂಡ್ ಇ ನಲವತ್ತು ಮಿಲಿಯನ್ ಡಾಲರ್ ಮೇಲೆ ಸುರೀತು, ಎದುರಾಳಿಗಳ ಹತ್ತಿರ ದುಡ್ಡೇ ಇರಲಿಲ್ಲ, ಆದ್ರೂ ಜನ ಅದನ್ನ ಸೋಲಿಸಿದ್ರು. ಈ ವಿಷಯ ನೆನೆದಾಗೆಲ್ಲ ನನಗೆ ಖುಷಿ ಆಗತ್ತೆ.

ಈಗ ಎಲ್ಲರ ಕಣ್ಣು ಇರೋದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. 2019ರಲ್ಲಿ ಊರೊಳಗಿನ ತಂತಿ, ಸಬ್‌ಸ್ಟೇಷನ್ ಎಲ್ಲ ಎರಡೂವರೆ ಬಿಲಿಯನ್ ಡಾಲರಿಗೆ ಕೊಡಿ ಅಂತ ನಗರ ಕೇಳ್ತು, ಪಿಜಿ ಅಂಡ್ ಇ ಆಗಲ್ಲ ಅಂತು, 2021ರಲ್ಲಿ ನಗರ ರಾಜ್ಯ ಆಯೋಗದ ಮುಂದೆ ಹೋಗಿ ಬೆಲೆ ಕಟ್ಟಿಕೊಡಿ ಅಂತ ಅರ್ಜಿ ಹಾಕ್ತು. 2025ರ ಡಿಸೆಂಬರ್ 20ಕ್ಕೆ ಒಂದು ಸಬ್‌ಸ್ಟೇಷನ್‌ನಲ್ಲಿ ಬೆಂಕಿ ಬಿದ್ದು ಸುಮಾರು ಒಂದು ಲಕ್ಷದ ಮೂವತ್ತು ಸಾವಿರ ಗ್ರಾಹಕರು ಕತ್ತಲಲ್ಲಿ ಕೂತ ಮೇಲೆ ಆ ಬೇಡಿಕೆ ಮತ್ತೆ ಜೋರಾಗಿದೆ. ನಗರಕ್ಕೆ ಇದು ಲಾಭದ ವ್ಯವಹಾರ ಆಗಬಹುದು, ಹೆಚ್ ಹೆಚ್ಚಿ (Hetch Hetchy) ಅನ್ನೋ ಜಲಾಶಯದ ಸ್ವಂತ ಕರೆಂಟಿದೆ, ಮನೆಗಳು ಒತ್ತೊತ್ತಾಗಿವೆ, ಕಾಡಿಲ್ಲ. ಆದ್ರೆ ಹೀಗೆ ದಟ್ಟ, ಶ್ರೀಮಂತ, ಬೆಂಕಿ ಇಲ್ಲದ ಊರುಗಳು ಒಂದೊಂದಾಗಿ ಎದ್ದು ಹೋದ್ರೆ ಪ್ಯಾರಡೈಸ್ ಥರದ ಬೆಟ್ಟದೂರುಗಳು, ಫ್ರೆಸ್ನೊ ಕಡೆ ನಲವತ್ತು ಡಿಗ್ರಿ ಸೆಕೇಲಿ ತೋಟದ ಕೆಲಸ ಮಾಡೋ ಕುಟುಂಬಗಳು ಉಳಿದ ತಂತಿಯ ಪೂರ್ತಿ ಭಾರ ಹೊರಬೇಕಾಗತ್ತೆ. ನಾನು ಊರಿನ ಕಂಪನಿ ಪರ ಇರೋನು, ಕಂಬಕ್ಕೆ ಹಾಕಿದ ದುಡ್ಡಿಗೆ ಡಬಲ್ ಬೆಲೆ ಕೊಡಬೇಕಾದ ಕಾರಣ ನನಗೆ ಕಾಣಲ್ಲ, ಹಾಗಂತ ಬೆಟ್ಟದವರನ್ನ ಬಿಟ್ಟು ಓಡೋದಕ್ಕೂ ನನ್ನ ಒಪ್ಪಿಗೆ ಇಲ್ಲ. ಆಯೋಗ ಬೆಲೆ ಕಟ್ಟೋವಾಗ ಬರೀ ಕಂಬ ತಂತಿಯ ಬೆಲೆ ಕಟ್ಟಿದ್ರೆ ಸಾಲದು, ಬಿಟ್ಟು ಹೋಗೋ ಊರು ಬೆಟ್ಟದ ಲೈನ್‌ಗಳಿಗೆ ಮುಂದಿನ ಇಪ್ಪತ್ತು ಮೂವತ್ತು ವರ್ಷ ಕೊಡಬೇಕಾದ ಪಾಲನ್ನೂ ಅದರಲ್ಲೇ ಬರೀಬೇಕು, ಇಲ್ಲಾಂದ್ರೆ ಕಾಡ್ಗಿಚ್ಚಿನ ಖರ್ಚನ್ನ ಕರೆಂಟ್ ಬಿಲ್‌ನಿಂದ ತೆಗೆದು ರಾಜ್ಯದ ತೆರಿಗೆ ಮೇಲೆ ಹಾಕಬೇಕು, ಆಗ ಸಾಂಟಾ ಕ್ಲಾರಾದವರೂ ಫೋಲ್ಸಮ್‌ನವರೂ ತಮ್ಮ ಆದಾಯಕ್ಕೆ ತಕ್ಕ ಹಾಗೆ ಅದರಲ್ಲಿ ಸೇರ್ತಾರೆ.